ತಾರಸಿಯ ಹಕ್ಕಿಗಳಿಗೆ ಹುಲಿ ಪತಂಗದ ಬಣ್ಣ ಕಲಿಸಿದ ನನ್ನ ಅನುಭವ

ಕೊನೆಗೂ ಆಯಿತು. ಬನಶಂಕರಿಯ ನಮ್ಮ ತಾರಸಿಗೆ ಬರುವ ಕೆಮ್ಮೀಸೆ ಪಿಕಳಾರಗಳು ಕಿತ್ತಳೆ ಮೇಲೆ ಕಪ್ಪು ಚುಕ್ಕಿಯ, ನಾನು ಹಿಟ್ಟಿನಿಂದ ಮಾಡಿದ ಹುಳುವನ್ನು ಮುಟ್ಟದೆ, ಪಕ್ಕದ ಹಸಿರು ಹುಳು ತಿಂದು ಹೋಗುತ್ತಿವೆ. ಆ ಕಿತ್ತಳೆ ಹುಳುವಿನಲ್ಲಿ ಚೂರೂ ಕಹಿ ಇಲ್ಲ. ಮೊದಲು ಅದೇ ಬಣ್ಣದ ಕಹಿ ಹುಳು ಕುಕ್ಕಿದ ಹಕ್ಕಿ ಆಮೇಲೆ ಬಣ್ಣ ನೋಡಿಯೇ ದೂರ ಇರುತ್ತದೆ ಎಂದು ನಾನು ಹೇಳಿದರೆ, "ಬೆಂಗಳೂರಿನ ಹಕ್ಕಿ ಚಿತ್ರಾನ್ನವನ್ನೂ ಬಿಡಲ್ಲ, ಅದಕ್ಕೆಲ್ಲಿ ಬಣ್ಣದ ಭಯ?" ಎಂದು ಪತಂಗ ನೋಡುವ ಗೆಳೆಯರು ಎರಡು ವರ್ಷದಿಂದ ಹೇಳುತ್ತಿದ್ದರು. ಈಗ ವಿಡಿಯೋ ಕಳಿಸಿದ್ದೇನೆ, ನೋಡಲಿ.

ರಾತ್ರಿ ಪತಂಗ ನೋಡಲು ಪರದೆ ಕಟ್ಟಿ ದೀಪ ಹಾಕುವವರಿಗೆ ಕಿತ್ತಳೆ ಮೇಲೆ ಕಪ್ಪು ಚುಕ್ಕಿಯ ಹುಲಿ ಪತಂಗ ಆರ್ಜಿನಾ ಅಸ್ಟ್ರಿಯಾ ಹೊಸದಲ್ಲ. ಅದರ ಮರಿ, ಅಂದರೆ ಕಂಬಳಿಹುಳು, ತಿನ್ನುವುದು ಕ್ರೊಟಲೇರಿಯಾ ಗಿಡದ ಕಾಯಿ, ಅದರ ವಿಷ ಮೈಗೆ ಸೇರುತ್ತದೆ, ಇದೂ ಗೊತ್ತಿರುವುದೇ. ಮಾರ್ಕೆಟ್ಟಿನ ಬೀಜದಂಗಡಿಯಿಂದ ಅದೇ ಜಾತಿಯ ಅಪ್ಸೆಣಬಿನ ಬೀಜ ಎರಡು ಕಿಲೋ ತಂದು ಕುಂಡಗಳಲ್ಲಿ ಬಿತ್ತಿದೆ. ಬೀಜಕ್ಕೆ ಮುನ್ನೂರು ರೂಪಾಯಿ ಇರಬಹುದು. ಕುಂಡ, ಮಣ್ಣು, ಸೊಳ್ಳೆ ಪರದೆಯ ಗೂಡು ಸೇರಿ ನಾಲ್ಕು ಸಾವಿರ ದಾಟಿತು. ತುರಹಳ್ಳಿ ಕಡೆಯ ಖಾಲಿ ಸೈಟಿನಿಂದ ತಂದ ಮರಿಗಳು ಮೊದಲ ಸಲ ಮುಕ್ಕಾಲು ಪಾಲು ಸತ್ತವು. ಕೆಲವದರ ಮೈಯಿಂದ ಕಣಜದ ಮರಿ ಹೊರಬಂತು. ಎರಡನೇ ಸಲ ಕಣಜ ಮೊಟ್ಟೆ ಇಡುವ ಮೊದಲೇ ಸಿಗಲಿ ಎಂದು ತುಂಬಾ ಚಿಕ್ಕ ಮರಿಗಳನ್ನೇ ಆರಿಸಿ ತಂದೆ. ಆಗ ಮೂವತ್ತರ ಆಸುಪಾಸು ಪತಂಗ ಎದ್ದವು.

ಅಷ್ಟು ಪತಂಗ ಇಟ್ಟುಕೊಂಡು ಹಕ್ಕಿಗೆ ಪಾಠ ಹೇಳಲು ಆಗಲ್ಲ. ಅದಕ್ಕೇ ಹಿಟ್ಟಿನ ಹುಳು. ಮೈದಾ, ಡಾಲ್ಡಾ, ಅಡುಗೆ ಬಣ್ಣ, ಚುಕ್ಕಿಗೆ ಇದ್ದಿಲು ಪುಡಿ. ಚಕ್ಕುಲಿ ಒರಳಿಗೆ ದಪ್ಪ ಖಾರಸೇವೆ ಬಿಲ್ಲೆ ಹಾಕಿ ಒತ್ತಿದರೆ ಎಲ್ಲ ಒಂದೇ ದಪ್ಪ ಬರುತ್ತವೆ. ಕಹಿಗೆ ಗ್ರಂಧಿಗೆ ಅಂಗಡಿಯ ನೆಲಬೇವಿನ ಪುಡಿ. ಬೇವಿನ ಎಲೆ, ಹಾಗಲಕಾಯಿ ರಸ ಎರಡೂ ನೋಡಿದೆ, ದಂಡ.

ತಟ್ಟೆಯಲ್ಲಿಟ್ಟರೆ ಪಾರಿವಾಳಗಳದ್ದೇ ರಾಜ್ಯ. ಉಳಿದದ್ದು ಅಳಿಲಿಗೆ, ಆಮೇಲೆ ಇರುವೆಗೆ. ಕಾಗೆ ಬಂದರೆ ಎಲ್ಲವನ್ನೂ ಒಂದೇ ಸಲ ಹೊತ್ತುಕೊಂಡು ಹೋಗುತ್ತದೆ. ತೆಳ್ಳನೆ ದಾಸವಾಳದ ಕಡ್ಡಿಗೆ ದಾರದಿಂದ ಕಟ್ಟಿದ ಮೇಲೆ ಪಾರಿವಾಳ, ಕಾಗೆ ಎರಡೂ ದೂರವಾದವು. ಅವುಗಳ ಭಾರಕ್ಕೆ ಕಡ್ಡಿ ಬಾಗುತ್ತದೆ. ಪಿಕಳಾರಕ್ಕೆ ಅದು ಸಲೀಸು. ಕಾಡಿನಲ್ಲಿಡುವಂಥ ಕ್ಯಾಮೆರಾಕ್ಕೆ ಏಳೆಂಟು ಸಾವಿರ ಸುರಿದಿದ್ದೆ, ಮೊದಲ ಮಳೆಗೇ ಹೋಯಿತು. ಈಗ ಹಳೇ ಮೊಬೈಲೇ ಸಾಕಾಗಿದೆ.

ನಿಜವಾದ ಕಷ್ಟ ಕಹಿಯದ್ದು. ಪುಡಿಯನ್ನು ಹಿಟ್ಟಿನೊಳಗೆ ಕಲಸಿದರೆ ಹಕ್ಕಿ ನುಂಗಿ, ಕೊಕ್ಕು ಕಡ್ಡಿಗೆ ಉಜ್ಜಿ, ಮತ್ತೆ ಇನ್ನೊಂದಕ್ಕೆ ಬಾಯಿ ಹಾಕುತ್ತಿತ್ತು. ಕುಕ್ಕಿದ ಕ್ಷಣವೇ ಕಹಿ ತಟ್ಟಬೇಕು. ಪುಡಿಯನ್ನು ಬಣ್ಣದ ಪದರದ ಕೆಳಗೆ ಕೂರಿಸುವ ಒಂದು ಉಪಾಯ ಸಿಕ್ಕ ಮೇಲೆ ಹಣೆಬರಹ ಬದಲಾಯಿತು. ಅಳತೆ ಮತ್ತು ಅಂಟಿಸುವ ಬಗೆ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಎರಡನೆಯದು ಕ್ರಮ. ಕಹಿ ಕಿತ್ತಳೆ ಹುಳು, ಕಹಿ ಹಾಕದ ಸಪ್ಪೆ ಕಿತ್ತಳೆ ಹುಳು ಎರಡನ್ನೂ ಪಾಠದ ಮೊದಲ ದಿನದಿಂದ ಅರ್ಧರ್ಧ ಇಟ್ಟಾಗ ಹಕ್ಕಿಗಳು ಒಂದೊಂದನ್ನೂ ಕುಕ್ಕಿ ನೋಡುತ್ತಲೇ ಇದ್ದವು. ಬಣ್ಣದಿಂದ ಅವಕ್ಕೆ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಮೂರು ವಾರದಷ್ಟು ಕಾಲ ಕಿತ್ತಳೆ ಎಂದರೆ ಕಹಿಯೇ, ಹಸಿರು ಎಂದರೆ ರುಚಿಯೇ ಎಂದು ಇಟ್ಟೆ. ಅದರ ನಂತರ ಸಪ್ಪೆ ಕಿತ್ತಳೆ ತೂರಿಸಿದರೆ ಹತ್ತು ದಿನದವರೆಗೂ ಹಾಗೇ ಉಳಿದವು. ಹೊಸ ಬಣ್ಣಕ್ಕೆ ಬೆದರಿದ್ದು ಅಷ್ಟೇ ಎನ್ನುವವರಿಗೆ ಉತ್ತರ ಇದೆ. ಕಹಿಯ ಪಾಠಕ್ಕೂ ಮುಂಚೆ ಒಂದು ವಾರ ಹಸಿರಿನ ಜೊತೆ ಸಪ್ಪೆ ಕಿತ್ತಳೆಯನ್ನೇ ಇಟ್ಟಿದ್ದೆ, ಆಗ ಹಸಿರಿನಷ್ಟೇ ಖಾಲಿಯಾಗಿತ್ತು. ಬಣ್ಣ ತಾನಾಗಿ ಯಾರನ್ನೂ ಕಾಯಲ್ಲ. ನೋಡುವವನಿಗೆ ಮೊದಲು ಪೆಟ್ಟು ಬಿದ್ದಿರಬೇಕು.

ಕಣ್ಣು ಕುಕ್ಕುವ ಬಣ್ಣದ ಕಂಬಳಿಹುಳು ರುಚಿ ಕೆಟ್ಟದ್ದಿರಬೇಕು ಎಂದು ನಿಸರ್ಗ ವಿಜ್ಞಾನಿ ವ್ಯಾಲೇಸ್ ಊಹಿಸಿದ್ದು 1867ರಲ್ಲಿ, ಹುಳುವಿಗೆ ಅಂಥ ಬಣ್ಣ ಯಾಕೆ ಎಂದು ಡಾರ್ವಿನ್ ಕೇಳಿದ ಪ್ರಶ್ನೆಗೆ. ಅದೇ ಕಾಲದ ಜೆನ್ನರ್ ವೀರ್ ಅದನ್ನು ಪಂಜರದ ಹಕ್ಕಿಗಳ ಮೇಲೆ ನೋಡಿದರು. ನನ್ನವು ಬಿಟ್ಟ ಹಕ್ಕಿಗಳು, ಬೇಡ ಅನ್ನಿಸಿದರೆ ಪಕ್ಕದ ಮನೆಗೆ ಹಾರಿ ಹೋಗಬಲ್ಲವು. ಅದರಲ್ಲಿ ನನಗೆ ಹೆಮ್ಮೆ ಇದೆ.

ಹಿಟ್ಟು ಬೇರೆ, ಪತಂಗ ಬೇರೆ ಅಲ್ವಾ ಎಂದರು ಗೆಳೆಯರು. ಸರಿ, ಕೊನೆಗೆ ಜೀವಂತ ಆರ್ಜಿನಾವನ್ನೇ ಬೆಳಿಗ್ಗೆ ಕಡ್ಡಿ ಮೇಲೆ ಕೂರಿಸಿದೆ. ಪಕ್ಕದಲ್ಲಿ ಅಷ್ಟೇ ಗಾತ್ರದ ಕಂದು ಪತಂಗ. ಕಂದು ಐದು ನಿಮಿಷವೂ ಉಳಿಯಲಿಲ್ಲ. ಆರ್ಜಿನಾ ಮಧ್ಯಾಹ್ನದವರೆಗೆ ಅಲ್ಲೇ ಇತ್ತು. ಬೇರೆ ಬೇರೆ ದಿನ ಮತ್ತೆ ಮಾಡಿದಾಗಲೂ ಹೆಚ್ಚುಕಡಿಮೆ ಹೀಗೇ.

ಮಧ್ಯೆ ಇನ್ನೊಂದು ನೋಡಿದೆ. ಬಿಳಿ ರೆಕ್ಕೆಗೆ ಕೆಂಪು, ಕಪ್ಪು ಚುಕ್ಕಿಯ ಯುಟೆಥೈಸಾ ಎಂಬ ಇನ್ನೊಂದು ಹುಲಿ ಪತಂಗವನ್ನು ದೊಡ್ಡ ನೆಫಿಲಾ ಜೇಡದ ಬಲೆಗೆ ಬಿಟ್ಟೆ. ಜೇಡ ಓಡಿ ಬಂತು, ಮುಟ್ಟಿ ನೋಡಿತು, ಸುತ್ತಲಿನ ಎಳೆ ಕತ್ತರಿಸಿ ಪತಂಗವನ್ನು ಕೆಳಗೆ ಬೀಳಿಸಿತು. ಅಮೆರಿಕದ ಯುಟೆಥೈಸಾದಲ್ಲಿ ಕೀಟ ವಿಜ್ಞಾನಿ ಥಾಮಸ್ ಐಸ್ನರ್ ಇದನ್ನೇ ತೋರಿಸಿದ್ದರು. ಜೇಡಕ್ಕೆ ಬಣ್ಣ ಲೆಕ್ಕಕ್ಕಿಲ್ಲ, ರುಚಿಯೇ ಸುದ್ದಿ ಹೇಳುತ್ತದೆ.

ರಾತ್ರಿ ಹಾರುವ ಪತಂಗಕ್ಕೆ ಬಣ್ಣ ಯಾಕೆ ಎಂದು ಪ್ರತಿ ಸಲವೂ ಯಾರಾದರೂ ಕೇಳುತ್ತಾರೆ. ಹಗಲು ಎಲೆ ಮೇಲೆ ಕೂತಿರುವಾಗ ಹಕ್ಕಿ ನೋಡಲಿ ಎಂದು. ರಾತ್ರಿಯ ಬಾವಲಿಗೆ ಹಲವು ಹುಲಿ ಪತಂಗಗಳು ಎದೆಯ ಪಕ್ಕದ ಪೊರೆಯನ್ನು ಬಾಗಿಸಿ ನಮ್ಮ ಕಿವಿಗೆ ಬೀಳದ ಟಿಕ್ ಟಿಕ್ ಸದ್ದು ಮಾಡುತ್ತವೆ. 1965ರಲ್ಲಿ ಡನಿಂಗ್ ಮತ್ತು ರೋಡರ್ ಎಂಬ ವಿಜ್ಞಾನಿಗಳು ಗಾಳಿಗೆ ಹುಳು ಎಸೆದು ಆ ಸದ್ದು ಕೇಳಿಸಿದಾಗ ಬಾವಲಿಗಳು ತಿರುಗಿ ಹೋದವು. ಬರ್ಥೋಲ್ಡಿಯಾ ಎಂಬ ಪತಂಗವಂತೂ ಆ ಸದ್ದಿನಿಂದಲೇ ಬಾವಲಿಯ ಪ್ರತಿಧ್ವನಿಯ ಲೆಕ್ಕ ಕೆಡಿಸುತ್ತದೆ, ಅದನ್ನು ಸಂಶೋಧಕರು ತೋರಿಸಿದ್ದು 2009ರಲ್ಲಿ. ಆ ಸದ್ದು ಹಿಡಿಯುವ ಯಂತ್ರಕ್ಕೆ ನಾನಿನ್ನೂ ದುಡ್ಡು ಕೂಡಿಸುತ್ತಿದ್ದೇನೆ.

ಇದನ್ನು ಮಾಡುವವರು ಎರಡು ವಿಷಯ ನೆನಪಿಡಿ. ಸಪ್ಪೆ ಕಿತ್ತಳೆಗಳು ಕಹಿಯವಕ್ಕೆ ಸಮ ಆಗುವಷ್ಟು ಜಾಸ್ತಿಯಾದರೆ ಪಾಠ ಬೇಗ ಅಳಿಸುತ್ತದೆ. ನನ್ನಲ್ಲಿ ಐದು ಕಿತ್ತಳೆಯಲ್ಲಿ ಒಂದು ಸಪ್ಪೆ ಇರುವವರೆಗೆ ಹಕ್ಕಿಗಳು ತಡೆದುಕೊಂಡವು, ಅರ್ಧಕ್ಕೆ ಹೋದಾಗ ಒಂದು ವಾರದಲ್ಲಿ ಎಲ್ಲ ಮುಗಿಯಿತು. ಇನ್ನೊಂದು, ಹೊಸ ಮರಿಗಳು. ಕೆನ್ನೆಯ ಕೆಂಪು ಇನ್ನೂ ಬಾರದ ಪಿಕಳಾರದ ಮರಿ ಅಪ್ಪ ಅಮ್ಮ ಬಿಟ್ಟ ಕಿತ್ತಳೆಯನ್ನೇ ಮೊದಲು ಕುಕ್ಕುತ್ತದೆ. ಅವು ಗೂಡು ಬಿಟ್ಟ ಕೂಡಲೇ ಎರಡು ವಾರ ಮತ್ತೆ ಪೂರಾ ಕಹಿ ಹುಳುವನ್ನೇ ಕಟ್ಟಬೇಕು. ಈ ಸಲಕ್ಕೆ ಅರ್ಧ ಕಿಲೋ ನೆಲಬೇವಿನ ಪುಡಿ ತಂದಿಟ್ಟಿದ್ದೇನೆ.