ಕ್ಯಾಲಿಪರ್ ಜಾಮ್ ಆದರೆ ಹೊಸದೋ, ಕಿಟ್ ಹಾಕಿದ್ದೋ, ಅಗ್ಗದ್ದೋ?

"ಕ್ಯಾಲಿಪರ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು" ಅಂತ ಗ್ಯಾರೇಜಿನಲ್ಲಿ ಹೇಳಿದ ತಕ್ಷಣ ಒಪ್ಪಿಕೊಳ್ಳಬೇಡಿ. ಡಿಸ್ಕ್ ಬ್ರೇಕಿನಲ್ಲಿ ಎರಡು ಪ್ಯಾಡುಗಳನ್ನು ತಿರುಗುವ ಡಿಸ್ಕಿಗೆ ಒತ್ತಿ ಹಿಡಿಯುವ ಭಾಗವೇ ಕ್ಯಾಲಿಪರ್. ಸಣ್ಣ ಕಾರುಗಳ ಮುಂದಿನ ಚಕ್ರದಲ್ಲಿರುವುದು ಬಹುಮಟ್ಟಿಗೆ ಒಂದೇ ಪಿಸ್ಟನ್‌ನ, ಎರಡು ಗೈಡ್ ಪಿನ್ ಮೇಲೆ ಜಾರುವ ಕ್ಯಾಲಿಪರ್. ಅದರ ಮೈ ದಪ್ಪ ಬೀಡು ಕಬ್ಬಿಣದ್ದು, ಕಾರಿನಷ್ಟೇ ಬಾಳುತ್ತದೆ. ಕೆಡುವುದು ಒಳಗಿನ ಪಿಸ್ಟನ್, ಅದರ ಸೀಲು, ಧೂಳು ತಡೆಯುವ ಮೇಲಿನ ರಬ್ಬರ್ ಹೊದಿಕೆ (ಡಸ್ಟ್ ಬೂಟು), ಮತ್ತೆ ಆ ಪಿನ್ನುಗಳು. ಇವೆಲ್ಲ ಬಿಡಿಯಾಗಿ ಸಿಗುತ್ತವೆ. ಸೀಲು, ಬೂಟು ಸೇರಿದ ರಿಪೇರಿ ಕಿಟ್ಟಿನ ಬೆಲೆ ನೂರರ ಲೆಕ್ಕದಲ್ಲಿ, ಕಂಪನಿ ಕ್ಯಾಲಿಪರ್ ಬೆಲೆ ಸಾವಿರದ ಲೆಕ್ಕದಲ್ಲಿ. ಹಾಗಾಗಿ ಯಾವುದನ್ನು ಕೊಳ್ಳಬೇಕು ಎನ್ನುವುದಕ್ಕಿಂತ ಮುಂಚೆ ಕೆಟ್ಟಿರುವುದು ಏನು ಎಂದು ಗೊತ್ತಾಗಬೇಕು.

ಕೆಟ್ಟಿದ್ದು ಯಾವುದು?

ಚಕ್ರ ಬಿಚ್ಚಿ ಪ್ಯಾಡ್ ನೋಡಿ. ಒಳಗಿನ ಪ್ಯಾಡ್ ಸವೆದು ಹೊರಗಿನದು ಹೊಸದರಂತೆ ಇದ್ದರೆ ಮೊದಲ ಅನುಮಾನ ಗೈಡ್ ಪಿನ್ ಮೇಲೆ. ಪ್ಯಾಡ್ ಓರೆಯಾಗಿ, ಒಂದು ತುದಿ ದಪ್ಪ ಒಂದು ತುದಿ ತೆಳ್ಳಗೆ ಸವೆದಿದ್ದರೆ ಎರಡರಲ್ಲಿ ಒಂದು ಪಿನ್ ಮಾತ್ರ ಹಿಡಿದುಕೊಂಡಿರಬಹುದು. ಪಿನ್ ಕೈಯಲ್ಲಿ ಎಳೆದರೆ ಬರಬೇಕು, ತಳ್ಳಿದರೆ ಹೋಗಬೇಕು. ಸುತ್ತಿಗೆ ಬೇಕಾಯಿತು ಎಂದರೆ ರೋಗ ಅಲ್ಲೇ ಇದೆ. ಪಿನ್ ತೆಗೆದು ತುಕ್ಕು ಒರೆಸಿ, ಬೂಟು ಬದಲಿಸಿ, ಸಿಲಿಕಾನ್ ಬ್ರೇಕ್ ಗ್ರೀಸ್ ಹಚ್ಚಿದರೆ ಕೆಲಸ ಮುಗಿಯಿತು. ಬೇರಿಂಗಿಗೆ ಹಾಕುವ ಹಳದಿ ಗ್ರೀಸ್ ಇಲ್ಲಿ ಬೇಡವೇ ಬೇಡ. ಅದಕ್ಕೆ ರಬ್ಬರ್ ಊದಿಕೊಂಡು ಪಿನ್ ಮತ್ತೆ ಸಿಕ್ಕಿಹಾಕಿಕೊಳ್ಳುತ್ತದೆ.

ಒಂದೇ ಚಕ್ರದ ಎರಡೂ ಪ್ಯಾಡ್ ಸಮನಾಗಿ ಸವೆದಿದ್ದರೆ, ಆ ಕಡೆಯ ರಿಮ್ ಕೈ ಸುಡುವಷ್ಟು ಕಾಯುತ್ತಿದ್ದರೆ, ಪಿಸ್ಟನ್ ಜಾಮ್ ಆಗಿರಬಹುದು. ಕ್ಯಾಲಿಪರಿಗೆ ಆಯಿಲ್ ತರುವ ರಬ್ಬರ್ ಬ್ರೇಕ್ ಹೋಸ್ ಒಳಗೇ ಕುಸಿದು ಒತ್ತಡ ಹಿಡಿದಿಟ್ಟುಕೊಂಡಿರಲೂಬಹುದು. ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಗಿನ ರಬ್ಬರ್ ಪದರ ಎದ್ದು ಬಾಗಿಲಿನಂತೆ ಮುಚ್ಚಿಕೊಳ್ಳುತ್ತದೆ. ಎರಡರ ನಡುವೆ ತೀರ್ಮಾನಿಸಲು ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಇನ್ನೊಬ್ಬರು ಪೆಡಲ್ ಮೂರು ಸಲ ಜೋರಾಗಿ ಒತ್ತಿ ಬಿಡಲಿ. ಚಕ್ರ ತಿರುಗಿಸಿ. ಬಿಗಿಯಾಗಿದ್ದರೆ ಕ್ಯಾಲಿಪರಿನಲ್ಲಿ ಗಾಳಿ ತೆಗೆಯಲೆಂದಿರುವ ತಿರುಪು, ಅಂದರೆ ನಿಪ್ಪಲ್‌ಗೆ ಪೈಪ್ ಸಿಕ್ಕಿಸಿ ಕಾಲು ಸುತ್ತು ಸಡಿಲಿಸಿ. ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಹಗುರಾದರೆ ಕ್ಯಾಲಿಪರ್ ತಪ್ಪಲ್ಲ, ಹೋಸ್ ಬದಲಿಸಿ. ಆಯಿಲ್ ಬಂದ ಮೇಲೂ ಚಕ್ರ ಬಿಗಿಯಾಗಿಯೇ ಇದ್ದರೆ, ಪಿನ್ನುಗಳೂ ಸರಿಯಾಗಿದ್ದರೆ, ಪಿಸ್ಟನ್ ಹಿಡಿದಿದೆ. ಈ ಐದು ನಿಮಿಷದ ಪರೀಕ್ಷೆ ಬಿಟ್ಟು ಕ್ಯಾಲಿಪರ್ ಕೊಂಡವರಿಗೆ ದುಡ್ಡೂ ಹೋಯಿತು, ಜಾಮೂ ಉಳಿಯಿತು.

ಬಿಚ್ಚಿದ ಮೇಲೆ ಏನು ನೋಡಬೇಕು

ಪಿಸ್ಟನ್ ಹೊರತೆಗೆಯಲು ಪ್ಯಾಡ್ ಜಾಗದಲ್ಲಿ ಮರದ ತುಂಡಿಟ್ಟು, ಕ್ಯಾಲಿಪರ್ ಕಾರಿನಲ್ಲಿರುವಾಗಲೇ ಪೆಡಲ್ ನಿಧಾನಕ್ಕೆ ಒತ್ತುವುದು ಕ್ಷೇಮ. ಗಾಳಿ ಹೊಡೆದು ತೆಗೆಯುವವರು ಬೆರಳನ್ನು ಪಿಸ್ಟನ್ ಎದುರು ಇಡಬಾರದು; ಅದು ಗುಂಡಿನಂತೆ ಬರುತ್ತದೆ.

ಈಗ ಪಿಸ್ಟನ್ ಬೆಳಕಿಗೆ ಹಿಡಿದು ತಿರುಗಿಸಿ. ಹೊಳೆಯುವ ಲೇಪದ ಮೇಲೆ ಬೂಟಿಗೂ ಸೀಲಿಗೂ ನಡುವಿನ ಭಾಗದಲ್ಲಿ ಸಾಸಿವೆ ಕಾಳಿನ ಗಾತ್ರದ ಕಂದು ಚುಕ್ಕೆಗಳು ಕಂಡರೆ, ಅವುಗಳ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಆ ಪಿಸ್ಟನ್ ಮುಗಿಯಿತು. ಹರಿದ ಬೂಟಿನಿಂದ ಮಳೆನೀರು ಇಳಿದು ಆಗಿರುವ ಕೆಲಸ ಇದು. ಹಳೇ ಪ್ಯಾಡ್ ಸವೆದಂತೆ ಪಿಸ್ಟನ್ ಹೊರಗೆ ಬಂದಿರುತ್ತದೆ, ಚುಕ್ಕೆಗಳೆಲ್ಲ ಸೀಲಿನ ಹೊರಗೇ ಇರುತ್ತವೆ. ಹೊಸ ಪ್ಯಾಡ್ ಹಾಕಲು ಪಿಸ್ಟನ್ ಒಳಗೆ ತಳ್ಳಿದಾಗ ಅದೇ ಒರಟು ಭಾಗ ಸೀಲನ್ನು ಉಜ್ಜುತ್ತಾ ಒಳಗೆ ಹೋಗುತ್ತದೆ. "ಪ್ಯಾಡ್ ಹಾಕಿಸಿ ವಾರಕ್ಕೇ ಲೀಕ್" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇಷ್ಟೇ.

ಸಿಲಿಂಡರಿನ ಗೋಡೆಯಲ್ಲಿ ತೆಳ್ಳಗೆ ತುಕ್ಕಿನ ಕಲೆ ಕಂಡರೆ ಗಾಬರಿ ಬೇಡ. ಹಿಂದಿನ ಡ್ರಮ್ಮಿನ ವೀಲ್ ಸಿಲಿಂಡರಿನಲ್ಲಿ ರಬ್ಬರ್ ಗೋಡೆಯ ಮೇಲೆ ಜಾರುತ್ತದೆ, ಅಲ್ಲಿ ಗೋಡೆ ಕನ್ನಡಿಯಂತಿರಬೇಕು. ಕ್ಯಾಲಿಪರಿನಲ್ಲಿ ಸೀಲು ಗೋಡೆಯೊಳಗೆ ಕೊರೆದ ತೋಡಿನಲ್ಲಿ ಕೂತಿರುತ್ತದೆ, ಅದರ ಮೇಲೆ ಜಾರುವುದು ಪಿಸ್ಟನ್ ಮೈ. ಹಾಗಾಗಿ ನೋಡಬೇಕಾದ್ದು ಆ ತೋಡು. ಅದರ ತಳದಲ್ಲಿ ತುಕ್ಕು ಕಟ್ಟಿದರೆ ಸೀಲು ಒಳಕ್ಕೆ ಒತ್ತಿಕೊಂಡು ಪಿಸ್ಟನ್ ಹಿಂಡುತ್ತದೆ. ಎಲ್ಲ ಹೊಸದು ಹಾಕಿದರೂ ಬಿಗಿ ಹೋಗುವುದಿಲ್ಲ. ಹಿತ್ತಾಳೆ ಬ್ರಷ್ಷು ಅಥವಾ ಮರದ ಕಡ್ಡಿಯಿಂದ ಕೆರೆದು ತೆಗೆಯಿರಿ, ಸ್ಕ್ರೂಡ್ರೈವರ್ ಬೇಡ. ತೋಡಿನ ಅಂಚೇ ತಿಂದುಹೋಗಿದ್ದರೆ ಮಾತ್ರ ಕ್ಯಾಲಿಪರ್ ನಿಜವಾಗಿ ಹೋಗಿದೆ ಎನ್ನಬಹುದು. ನಿಪ್ಪಲ್ ಮುರಿದು ಒಳಗೇ ಉಳಿದರೆ, ಪಿನ್ನಿನ ತೂತು ಅಗಲವಾಗಿದ್ದರೆ ಕೂಡ.

ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್‌ನಲ್ಲಿ ತೊಳೆಯಬಾರದು. ಬ್ರೇಕ್ ಕ್ಲೀನರ್ ಇಲ್ಲದಿದ್ದರೆ ಹೊಸ ಬ್ರೇಕ್ ಆಯಿಲ್ಲೇ ಸಾಕು. ಸೀಲಿಗೂ ಪಿಸ್ಟನ್ನಿಗೂ ಅದೇ ಆಯಿಲ್ ಸವರಿ, ಎರಡು ಹೆಬ್ಬೆರಳಲ್ಲಿ ನೇರಕ್ಕೆ ಒತ್ತಿದರೆ ಪಿಸ್ಟನ್ ಇಳಿಯಬೇಕು.

ಈಗ ಆಯ್ಕೆ

ತೋಡು, ಪಿನ್ ತೂತು, ನಿಪ್ಪಲ್ ಮೂರೂ ಚೆನ್ನಾಗಿದ್ದರೆ ನಿಮ್ಮ ಕ್ಯಾಲಿಪರಿಗೇ ಕಂಪನಿ ಕಿಟ್ ಹಾಕಿಸಿ, ಬೇಕಾದರೆ ಪಿಸ್ಟನ್ ಹೊಸದು ಹಾಕಿಸಿ. ಇದಕ್ಕಿಂತ ಒಳ್ಳೆಯ 'ರೀಫರ್ಬಿಶ್ಡ್' ಮಾರುಕಟ್ಟೆಯಲ್ಲಿ ಸಿಗುವುದು ಕಷ್ಟ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರಿಗೆ ಹಳೇ ಕ್ಯಾಲಿಪರ್ ಕೊಟ್ಟು ಠೇವಣಿ ವಾಪಸ್ ಪಡೆಯುವ ಪದ್ಧತಿ ಗೊತ್ತಿರುತ್ತದೆ. ಅಲ್ಲಿ ಸೀಲು, ಪಿನ್ ಹೊಸದಾಗಿಸಿ ಒತ್ತಡ ಪರೀಕ್ಷೆ ಮಾಡಿದ ಮಾಲು ವಾರಂಟಿ ಸಮೇತ ಬರುತ್ತದೆ, ಧೈರ್ಯವಾಗಿ ಕೊಳ್ಳಬಹುದು. ಇಲ್ಲಿ ಆ ಹೆಸರಿನಲ್ಲಿ ಎಷ್ಟೋ ಸಲ ಕೈಗೆ ಬರುವುದು ಗುಜರಿ ಕಾರಿನಿಂದ ಕಳಚಿ ಬೆಳ್ಳಿ ಬಣ್ಣ ಹೊಡೆದದ್ದು. ನಿಪ್ಪಲ್ ಥ್ರೆಡ್ಡಿನ ಮೇಲೆ, ಪ್ಯಾಡ್ ಜಾರುವ ಜಾಗದಲ್ಲಿ, ರಬ್ಬರ್ ಬೂಟಿನ ಮೇಲೆ ಬಣ್ಣ ಕೂತಿದ್ದರೆ ಒಳಗೆ ಬಿಚ್ಚಿಯೇ ಇಲ್ಲ ಎಂದರ್ಥ. ಅಂಗಡಿಯಲ್ಲೇ ನಿಪ್ಪಲ್ ತಿರುಗಿಸಿ ನೋಡಿ. ತಿರುಗದಿದ್ದರೆ ಅಲ್ಲೇ ಬಿಟ್ಟು ಬನ್ನಿ.

ಹೊಸದನ್ನೇ ಕೊಳ್ಳಬೇಕಾದರೆ ಕಾರು ಕಂಪನಿಯ ಡಬ್ಬಿ ಒಂದೇ ದಾರಿಯಲ್ಲ. ಕಾರು ಕಂಪನಿಗಳಿಗೆ ಬ್ರೇಕ್ ಮಾಡಿಕೊಡುವ ಬ್ರೇಕ್ಸ್ ಇಂಡಿಯಾದಂಥವರು ಟಿವಿಎಸ್ ಗರ್ಲಿಂಗ್ ಹೆಸರಿನಲ್ಲಿ ಬಿಡಿಭಾಗದ ಅಂಗಡಿಗೂ ಮಾಲು ಕಳಿಸುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೆ ಹಳೇ ಕ್ಯಾಲಿಪರ್ ಜೊತೆಗೇ ಒಯ್ಯಿರಿ, ಜಿಎಸ್‌ಟಿ ಬಿಲ್ ಕೇಳಿ. ಬಿಲ್ ಇಲ್ಲದ ಮಾಲನ್ನು ವಾಪಸ್ ಕೊಡಲು ಹೋದರೆ ಅಂಗಡಿಯವರು ನಿಮ್ಮನ್ನು ಗುರುತೇ ಹಿಡಿಯುವುದಿಲ್ಲ.

ಅಗ್ಗದ ಲೋಕಲ್ ಕ್ಯಾಲಿಪರಿನಲ್ಲಿ ಬೀಡು ಕಬ್ಬಿಣದ ಮೈಗಿಂತ ಹೆಚ್ಚಾಗಿ ಕೈಕೊಡುವುದು ರಬ್ಬರ್ ಮತ್ತು ಪಿಸ್ಟನ್ ಲೇಪ. ಅಡ್ಡ ಕೊಯ್ದರೆ ಚೌಕವಾಗಿ ಕಾಣುವ ಆ ಸೀಲು ಆಯಿಲ್ ತಡೆಯುವುದಷ್ಟೇ ಅಲ್ಲ, ಬ್ರೇಕ್ ಒತ್ತಿದಾಗ ತುಸು ತಿರುಚಿಕೊಂಡು, ಬಿಟ್ಟಾಗ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆಯುತ್ತದೆ. ಗಡುಸು ರಬ್ಬರ್ ಎಳೆಯುವುದಿಲ್ಲ, ಪ್ಯಾಡ್ ಉಜ್ಜುತ್ತಲೇ ಇರುತ್ತದೆ. ತೀರಾ ಮೆತ್ತಗಿದ್ದರೆ ಹೆಚ್ಚು ಹಿಂದೆ ಹೋಗಿ ಪೆಡಲ್ ಆಳಕ್ಕೆ ಇಳಿಯುತ್ತದೆ. ಇನ್ನೊಂದು ಅಪಾಯ ಅಳತೆಯದು. ಒಂದು ಕಡೆ 48 ಮಿ.ಮೀ., ಇನ್ನೊಂದು ಕಡೆ 51 ಮಿ.ಮೀ. ಪಿಸ್ಟನ್ ಆದರೆ ವ್ಯತ್ಯಾಸ ಬರೀ 3 ಮಿ.ಮೀ. ಅನ್ನಿಸುತ್ತದೆ. ವಿಸ್ತೀರ್ಣದ ಲೆಕ್ಕದಲ್ಲಿ ಅದು ಸುಮಾರು ಶೇ. 13, ಬ್ರೇಕ್ ಒತ್ತಿದರೆ ಕಾರು ದೊಡ್ಡ ಪಿಸ್ಟನ್ ಕಡೆಗೆ ಎಳೆಯುತ್ತದೆ. ಒಂದೇ ಕಾರಿನ ಬೇರೆ ಬೇರೆ ವರ್ಷದ ಮಾದರಿಗಳಲ್ಲೂ ಈ ಅಳತೆ ಬದಲಾಗಿರಬಹುದು, ವರ್ನಿಯರ್ ಹಿಡಿದು ನೋಡಿ. ಹೋಸನ್ನು ಕ್ಯಾಲಿಪರಿಗೆ ಹಿಡಿಸುವ ಬ್ಯಾಂಜೊ ಬೋಲ್ಟನ್ನು ಕೈಯಲ್ಲೇ ಮೂರ್ನಾಲ್ಕು ಸುತ್ತು ಹಾಕಿ ನೋಡಿ, 10 ಮಿ.ಮೀ. ಬೋಲ್ಟಿನಲ್ಲೇ 1.0 ಮತ್ತು 1.25 ಮಿ.ಮೀ. ಪಿಚ್ (ಥ್ರೆಡ್ಡಿನ ಅಂತರ) ಎರಡೂ ಇವೆ, ತಪ್ಪಿದ್ದನ್ನು ಪಾನಾ ಹಾಕಿ ಬಿಗಿದರೆ ಥ್ರೆಡ್ಡು ಕಿತ್ತುಬರುತ್ತದೆ. ಅಗ್ಗದ್ದೇ ಗತಿ ಎಂದಾದರೆ ಎರಡೂ ಕಡೆಗೆ ಒಂದೇ ಕಂಪನಿಯದು ಹಾಕಿ, ಒಳಗಿನ ಸೀಲನ್ನು ಕಂಪನಿ ಕಿಟ್ಟಿನದಕ್ಕೆ ಬದಲಿಸಿ.

ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ ಓಡುವ ಕಾರಿಗೆ, ವಾರಕ್ಕೊಮ್ಮೆ ಶಿರಾಡಿ, ಚಾರ್ಮಾಡಿ ಇಳಿಯುವ ಕಾರಿಗೆ ಅಗ್ಗದ್ದು ಬೇಡ ಎನ್ನುವುದೇ ನಮ್ಮ ಅಭಿಪ್ರಾಯ. ತೆಳು ಲೇಪ ಉಪ್ಪಿಗೆ ತಡೆಯುವುದಿಲ್ಲ. ಘಾಟಿಯಲ್ಲಿ ಉಜ್ಜುತ್ತಿರುವ ಪ್ಯಾಡ್ ಆಯಿಲ್ ಕುದಿಸುತ್ತದೆ. ಹೊಸ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಕುದ್ದ ಆಯಿಲ್ಲಿನಲ್ಲಿ ಆವಿಯ ಗುಳ್ಳೆ, ಕಾಲಡಿಯಲ್ಲಿ ಖಾಲಿ ಪೆಡಲ್.

ಹಿಂದಿನ ಚಕ್ರದಲ್ಲೂ ಡಿಸ್ಕ್ ಇದ್ದು ಹ್ಯಾಂಡ್‌ಬ್ರೇಕ್ ಕ್ಯಾಲಿಪರ್ ಒಳಗೇ ಇದ್ದರೆ ಕಿಟ್ ಗೋಜಿಗೆ ಹೋಗದೆ ಹೊಸದೇ ಕೊಳ್ಳಿ. ಒಳಗಿನ ಸ್ಕ್ರೂ ಹೊಂದಿಸುವುದು ರಸ್ತೆಬದಿಯ ಕೆಲಸವಲ್ಲ. ಪ್ಯಾಡ್ ಬದಲಿಸುವಾಗಲೂ ಅಂಥ ಪಿಸ್ಟನ್ನನ್ನು ತಿರುಗಿಸುತ್ತಾ ಒಳಗೆ ಕಳಿಸಬೇಕು, ಬರೀ ಒತ್ತಿದರೆ ಮುರಿಯುತ್ತದೆ.

ಕೂರಿಸುವಾಗ

ನಿಪ್ಪಲ್ ಯಾವಾಗಲೂ ಮೇಲಕ್ಕೆ. ಎಡದ್ದು ಬಲಕ್ಕೆ ಹಾಕಿದರೂ ಬೋಲ್ಟು ಕೂತುಬಿಡುವ ಕ್ಯಾಲಿಪರ್‌ಗಳಿವೆ. ಆಗ ನಿಪ್ಪಲ್ ಕೆಳಗಾಗಿ ಗಾಳಿ ಮೇಲೇ ಉಳಿಯುತ್ತದೆ, ಎಷ್ಟು ಏರ್ ತೆಗೆದರೂ ಪೆಡಲ್ ಸ್ಪಂಜಿನಂತೆಯೇ ಇರುತ್ತದೆ. ಬ್ಯಾಂಜೊ ಬೋಲ್ಟಿನ ಎರಡೂ ತಾಮ್ರದ ವಾಷರ್ ಹೊಸದಿರಲಿ. ಕೆಲಸದ ನಡುವೆ ಕ್ಯಾಲಿಪರನ್ನು ಹೋಸಿಗೆ ಜೋತುಬಿಡಬೇಡಿ, ತಂತಿಯಲ್ಲಿ ಸ್ಪ್ರಿಂಗಿಗೆ ಕಟ್ಟಿ. ಪ್ಯಾಡ್ ಎರಡೂ ಕಡೆ ಒಟ್ಟಿಗೇ ಬದಲಿಸಿ. ಬೋಲ್ಟಿನ ಟಾರ್ಕ್ ನಿಮ್ಮ ಕಾರಿನ ಮ್ಯಾನ್ಯುಯಲ್‌ನಲ್ಲಿ ಇದ್ದಷ್ಟೇ. ಮುಂದಿನ ಎರಡಕ್ಕೆ ಅರ್ಧ ಲೀಟರ್ ಆಯಿಲ್ ಸಾಕು, ನಾಲ್ಕೂ ಚಕ್ರದ ಹಳೇ ಆಯಿಲ್ ತೆಗೆಯುವುದಾದರೆ ಒಂದು ಲೀಟರ್ ಇಟ್ಟುಕೊಳ್ಳಿ. ಏರ್ ತೆಗೆಯುವಾಗ ಬಾನೆಟ್ಟಿನೊಳಗಿನ ಡಬ್ಬಿಯಲ್ಲಿ ಆಯಿಲ್ ಕನಿಷ್ಠ ಗೆರೆಗಿಂತ ಕೆಳಗೆ ಹೋಗದಿರಲಿ, ಖಾಲಿಯಾಗಿ ಗಾಳಿ ಎಳೆದರೆ ಮತ್ತೆ ಮೊದಲಿಂದ ಶುರು.

ಕಾರು ಅಲುಗಾಡಿಸುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ಒತ್ತಿ. ಹೊಸ ಪ್ಯಾಡ್ ಹಾಕಿದ ಮೇಲೆ ಮೊದಲ ಒತ್ತು ನೆಲ ಮುಟ್ಟುತ್ತದೆ, ಗ್ಯಾರೇಜಿನ ಗೋಡೆಗೆ ಗುದ್ದುವುದು ಆಗಲೇ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ನಡುವೆ ತಣಿಯಲು ಬಿಡಿ. ಮರುದಿನ ಬೆಳಿಗ್ಗೆ ಬ್ಯಾಂಜೊ ಬೋಲ್ಟಿನ ಸುತ್ತ ಟಿಶ್ಯೂ ಕಾಗದ ಒತ್ತಿ ನೋಡಿ. ಒದ್ದೆಯಾದರೆ ವಾಷರ್ ಸರಿಯಾಗಿ ಕೂತಿಲ್ಲ. ಕಾಗದ ಒಣಗಿದ್ದು ಡಸ್ಟ್ ಬೂಟಿನ ಕೆಳಗೆ ತೇವ ಕಂಡರೆ ಸೀಲು ಕೂತಿಲ್ಲ, ಆ ಕಾರು ರಸ್ತೆಗೆ ಇಳಿಯಬಾರದು.