ಹಳೆ ರೀಲಿನ ದನಿ ಪೂರ್ತಿ ಅಳಿಸಬೇಕೆಂದರೆ

ಶಿರಸಿ ಹತ್ತಿರದ ನಮ್ಮ ಮನೆಯ ಅಟ್ಟದಲ್ಲಿ ಅಪ್ಪಯ್ಯ ಬಿಟ್ಟುಹೋದ, ಟೇಪ್ ರೆಕಾರ್ಡರಿನ ಇಪ್ಪತ್ತೆರಡು ರೀಲುಗಳಿವೆ. ಜಾಸ್ತಿ ತಾಳಮದ್ದಲೆ, ಉಳಿದದ್ದು ರೇಡಿಯೊದಿಂದ ಹಿಡಿದ ವಾರ್ತೆ. ವಾರ್ತೆಯ ರೀಲು ಅಳಿಸಿ, ಈಗಿನ ಭಾಗವತರ ಪದ ಅದರಲ್ಲೇ ಹಿಡಿಯುತ್ತೇನೆ.

ಅಳಿಸುವ ಮೊದಲು ಎರಡೂ ಬದಿ ಕೊನೆಯವರೆಗೆ ಕೇಳಿ. 7 ಇಂಚಿನ ರೀಲಿನ 1200 ಅಡಿ ಟೇಪು, ಸೆಕೆಂಡಿಗೆ 3.75 ಇಂಚಿನ ವೇಗದಲ್ಲಿ, ಒಂದು ಬದಿಗೆ 64 ನಿಮಿಷ ಓಡುತ್ತದೆ. ಅಷ್ಟೂ ಹೊತ್ತು ಕೂರಬೇಕು. ಹಾಗೆ ಕೂತಿದ್ದಕ್ಕೇ ಒಂದು ವಾರ್ತೆಯ ರೀಲಿನ ಬಾಲದಲ್ಲಿ ಆಯಿ ಹಾಡಿದ ಮದುವೆ ಹಾಡು ಸಿಕ್ಕಿತು. ಆ ರೀಲನ್ನು ನಾನು ಅಳಿಸುವುದಿಲ್ಲ.

ಟೇಪು ಬೆರಳಿಗೆ ಅಂಟಿದರೆ, ವಿನೆಗರ್ ಹಾಗೆ ಹುಳಿ ವಾಸನೆ ಬಂದರೆ, ಹೊಸ ರೆಕಾರ್ಡಿಂಗಿಗೆ ಅದು ಬೇಡ. ಅಂಟು ಪುಡಿಯೆಲ್ಲ ಮಷಿನ್ನಿನ ಹೆಡ್‌ಗೆ, ಅಂದರೆ ಟೇಪು ತಾಗಿಕೊಂಡು ಓಡುವ, ದನಿ ಹಿಡಿಯುವ, ಅಳಿಸುವ ಭಾಗಕ್ಕೆ, ಹತ್ತುತ್ತದೆ. ಬೂಸ್ಟು ಹಿಡಿದಿದ್ದರೆ ಮಾಸ್ಕ್ ಹಾಕಿ, ಅಂಗಳದಲ್ಲಿ ಮೆತ್ತನೆ ಬ್ರಶ್‌ನಿಂದ ಒರೆಸಿ. ನಮ್ಮ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಹೊಸದಾಗಿ ರೆಕಾರ್ಡ್ ಮಾಡಿದರೆ ಹಳೆಯದು ತಾನೇ ಅಳಿಯುತ್ತದಲ್ವಾ ಅಂತ ನಾನೂ ನಂಬಿದ್ದೆ. ಟ್ರ್ಯಾಕ್ ಅಂದರೆ ಟೇಪಿನ ಉದ್ದಕ್ಕೂ ದನಿ ಕೂರುವ ಪಟ್ಟಿ. ಅಪ್ಪಯ್ಯನ ಮಷಿನ್ನು ಎರಡು ಟ್ರ್ಯಾಕಿನದು, ನನ್ನದು ನಾಲ್ಕು ಟ್ರ್ಯಾಕಿನದು. ನನ್ನ ಹೆಡ್ ಅಳಿಸುವುದು ಸಪೂರ ಪಟ್ಟಿ. ಅಪ್ಪಯ್ಯನ ಅಗಲವಾದ ಪಟ್ಟಿಯ ಅಂಚು ಉಳಿದೇಬಿಟ್ಟಿತು. ಅದೇ ರೀಲನ್ನು ಹಳೆ ಮಷಿನ್ನಿಗೆ ಹಾಕಿದಾಗ ಭಾಗವತರ ಪದದ ಅಡಿಯಲ್ಲಿ ವಾರ್ತೆ ಕೇಳುತ್ತಿತ್ತು. ಅವರು ಅಷ್ಟು ಮನಸ್ಸಿಟ್ಟು ಹಾಡಿದ್ದರು. ನನಗೆ ಬಹಳ ಬೇಜಾರಾಯಿತು.

ಅದಕ್ಕೆ ಬಲ್ಕ್ ಇರೇಸರ್ ಬೇಕು. ಕರೆಂಟಿನಲ್ಲಿ ನಡೆಯುವ ದೊಡ್ಡ ಅಯಸ್ಕಾಂತ ಅದು. ಕೈಗಡಿಯಾರ, ಎಟಿಎಂ ಕಾರ್ಡು, ಉಳಿದ ರೀಲುಗಳನ್ನು ಬೇರೆ ಕೋಣೆಯಲ್ಲಿಡಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು. ರೀಲು ದೂರ ಇರುವಾಗಲೇ ಸ್ವಿಚ್ ಹಾಕಿ. ಆಮೇಲೆ ರೀಲನ್ನು ಇರೇಸರ್ ಮೇಲೆ ನಿಧಾನ ಮೂರ್ನಾಲ್ಕು ಸುತ್ತು ತಿರುಗಿಸಿ. ತಿರುಗಿಸುತ್ತಲೇ ನಿಧಾನ ಮೇಲಕ್ಕೆತ್ತಿ ಒಂದು ಮೀಟರ್ ದೂರ ಒಯ್ದು, ಆಮೇಲೆ ಸ್ವಿಚ್ ತೆಗೆಯಿರಿ. ಮಗುಚಿ ಇನ್ನೊಂದು ಮೈಗೂ ಹೀಗೇ ಮಾಡಿ. ಇರೇಸರ್ ಬೇಗ ಬಿಸಿಯಾಗುತ್ತದೆ, ನಡುವೆ ತಣಿಯಲು ಬಿಡಿ.

ದೂರ ಒಯ್ಯುವಾಗ ಅವಸರ ಬೇಡ. ಅಯಸ್ಕಾಂತದ ಎಳೆತ ಸೆಕೆಂಡಿಗೆ 50 ಸಲ ಹಿಂದೆಮುಂದೆ ಆಗುತ್ತಿರುತ್ತದೆ. ಅದು ಸ್ವಲ್ಪ ಸ್ವಲ್ಪವೇ ಕಡಿಮೆಯಾದರೆ ಟೇಪಿನ ಕಣಗಳು ದಿಕ್ಕಿಲ್ಲದೆ ಬೆರೆತುಹೋಗುತ್ತವೆ. ರೀಲು ಹತ್ತಿರ ಇರುವಾಗಲೇ ಕರೆಂಟು ನಿಂತರೆ ಒಂದು ಕಡೆಯ ಕಣಗಳು ಹಾಗೇ ನಿಂತು, ಪ್ರತಿ ಸುತ್ತಿಗೂ 'ದಬ್' ಅನ್ನುತ್ತವೆ. ನಮ್ಮೂರಲ್ಲಿ ಕರೆಂಟು ಹೋಗುವುದು ಹೊಸತಲ್ಲ. ಹಾಗಾದರೆ ಮತ್ತೆ ಮೊದಲಿನಿಂದ ಮಾಡಿ.

ಹೆಡ್‌ಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಿಂದ ಒರೆಸಿ, ಖಾಲಿ ರೀಲನ್ನು ವಾಲ್ಯೂಮ್ ಏರಿಸಿ ಕೇಳಿ. ಒಂದೇ ಸಮನೆ 'ಸುಯ್' ಅಂದರೆ ರೀಲು ತಯಾರು. ಡಬ್ಬಿಯ ಮೇಲಿನ ಹಳೆ ಬರಹ ಹೊಡೆದುಹಾಕಿ, ಅಳಿಸಿದ ತಾರೀಖು ಬರೆದಿಡಿ.