ಗೇಮ್ ಡಿಸ್ಕ್ ಅರ್ಧಕ್ಕೇ ನಿಂತರೆ ನಾನು ಏನು ಮಾಡುತ್ತೇನೆ

ವಿಜಯಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ಹಳೇ ಗೇಮ್ ಡಿಸ್ಕ್ ಹಿಡಿದುಕೊಂಡು ಬರುವವರು ಈಗಲೂ ಇದ್ದಾರೆ. ಎಲ್ಲರ ದೂರೂ ಹೆಚ್ಚುಕಡಿಮೆ ಒಂದೇ: "ಅರ್ಧಕ್ಕ ಬಂದು ನಿಂದರತೈತ್ರಿ." ಅಂಗಡಿಗೆ ಬರೋ ಮೊದಲು ಮನೆಯಲ್ಲಿ ಸೆಟಪ್ ಅನ್ನು ಮತ್ತೆ ಮತ್ತೆ ಓಡಿಸಿರುತ್ತಾರೆ. ಅದರಿಂದ ಏನೂ ಗೊತ್ತಾಗೋದಿಲ್ಲ. ಡ್ರೈವ್ ಬಿಸಿಯಾಗುತ್ತೆ, ಅಷ್ಟೇ.

ಸೆಟಪ್ ಪ್ರೋಗ್ರಾಂ ಮೂರು ಕೆಲಸ ಒಟ್ಟಿಗೆ ಮಾಡುತ್ತೆ. ಡಿಸ್ಕಿನಿಂದ ಓದುತ್ತೆ, ಗಂಟು ಕಟ್ಟಿಟ್ಟ ಫೈಲ್‌ಗಳನ್ನು ಬಿಚ್ಚುತ್ತೆ, ಹಾರ್ಡ್‌ಡಿಸ್ಕಿಗೆ ಬರೆಯುತ್ತೆ. ಎಲ್ಲಿ ಎಡವಿದರೂ ತೋರಿಸೋ ಸಂದೇಶ ಮಾತ್ರ ಗೊಂದಲದ್ದು. 'ಫೈಲ್ ಸಿಗುತ್ತಿಲ್ಲ' ಅನ್ನುತ್ತೆ, ನೋಡಿದರೆ ಫೈಲ್ ಡಿಸ್ಕಿನಲ್ಲೇ ಇರುತ್ತೆ, ಓದೋಕೆ ಆಗಿರೋದಿಲ್ಲ. 'ಡಿಸ್ಕ್ 2 ಹಾಕಿ' ಅನ್ನುತ್ತೆ, ಡಿಸ್ಕ್ 2 ಒಳಗೇ ತಿರುಗುತ್ತಿರುತ್ತೆ. ಹಾಗಾಗಿ ನಾನು ಓದೋದನ್ನೂ ಇನ್‌ಸ್ಟಾಲ್ ಮಾಡೋದನ್ನೂ ಬೇರೆ ಬೇರೆ ಮಾಡಿಬಿಡುತ್ತೇನೆ. ಮೊದಲು ಡಿಸ್ಕಿನಲ್ಲಿರೋದಷ್ಟೂ ಹಾರ್ಡ್‌ಡಿಸ್ಕಿಗೆ ಇಳಿಯಬೇಕು. ಅದು ಮುಗಿಯೋವರೆಗೆ ಸೆಟಪ್ ಮುಟ್ಟೋದೇ ಇಲ್ಲ. ಪೂರ್ತಿ ಇಳಿದ ಮೇಲೂ ಇನ್‌ಸ್ಟಾಲ್ ಆಗದಿದ್ದರೆ ತಪ್ಪು ವಿಂಡೋಸ್ ಕಡೆಗಿದೆ ಅಂತ ಖಾತ್ರಿ. ಇಳಿಯದೇ ಹೋದರೆ ಡಿಸ್ಕು ಅಥವಾ ಡ್ರೈವು.

ಇತ್ತೀಚೆಗೆ ತಾಳಿಕೋಟೆ ಕಡೆಯ ಮಾಸ್ತರರೊಬ್ಬರು ಬಂದಿದ್ದರು. ನೀಡ್ ಫಾರ್ ಸ್ಪೀಡ್ ಅಂಡರ್‌ಗ್ರೌಂಡ್ 2, ಎರಡು ಸಿಡಿ, ಡಬ್ಬಿ ಸಮೇತ. 2004ರಲ್ಲಿ ಬಂದ ಕಾರ್ ರೇಸ್ ಗೇಮ್ ಅದು. "ಮಗ ಸಾಲಿಗೆ ಹೋಗೂವಾಗ ಕೊಡಿಸಿದ್ದೆರೀ. ಈಗ ಬೆಂಗಳೂರಾಗ ಅದಾನ, ದೀಪಾವಳಿಗೆ ಬರ್ತಾನ. ಹಾಕಿ ಕೊಡ್ರಿ," ಅಂದರು. "ನೋಡೂಣ್ರಿ ಸರ್, ಇಟ್ಟು ಹೋಗ್ರಿ" ಅಂದೆ. ಈ ಕೆಲಸ ಗಿರಾಕಿ ಎದುರು ಕೂತಿದ್ದಾಗ ಆಗೋದಲ್ಲ.

ಮೊದಲು ಕಣ್ಣಿಂದ ನೋಡೋದು. ಡಿಸ್ಕನ್ನು ಟ್ಯೂಬ್‌ಲೈಟ್ ಕಡೆ ಹಿಡಿದು, ಲೇಬಲ್ ಇರೋ ಕಡೆಯಿಂದ ನೋಡಬೇಕು. ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಬೆಳ್ಳಿ ಬಣ್ಣದ ಪದರ ಎದ್ದುಹೋಗಿದೆ ಅಂತ ಅರ್ಥ. ಸಿಡಿಯ ದಪ್ಪ 1.2 ಮಿಲಿಮೀಟರ್. ಮಾಹಿತಿ ಇರೋ ಪದರ ಲೇಬಲ್‌ನ ಕೆಳಗೇ ಇದೆ, ಮೇಲೆ ಬರೀ ವಾರ್ನಿಷ್ ಮತ್ತು ಬಣ್ಣ. ಜನ ಹೊಳೆಯೋ ಕಡೆಯನ್ನು ಜೋಪಾನ ಮಾಡಿ ಲೇಬಲ್ ಮೇಲೆ ಏನೇನೋ ಇಡುತ್ತಾರೆ. ಹೊಳೆಯೋ ಕಡೆ ಬಿದ್ದ ಗೀರನ್ನು ಎಷ್ಟೋ ಸಲ ಉಜ್ಜಿ ಸರಿಮಾಡಬಹುದು, ಲೇಬಲ್ ಕಡೆ ಬಿದ್ದಿದ್ದನ್ನು ಯಾರಿಂದಲೂ ಆಗೋದಿಲ್ಲ. ಡಿವಿಡಿ ಇದಕ್ಕಿಂತ ಗಟ್ಟಿ. ಅದರಲ್ಲಿ 0.6 ಮಿಲಿಮೀಟರಿನ ಎರಡು ಬಿಲ್ಲೆ ಅಂಟಿಸಿರುತ್ತಾರೆ, ಮಾಹಿತಿ ನಡುವೆ ಇರುತ್ತೆ.

ಆಮೇಲೆ ನಡುವಿನ ತೂತಿನ ಸುತ್ತ ಬಿರುಕು ಇದೆಯಾ ಅಂತ ಉಗುರಿನಿಂದ ಸವರಿ ನೋಡುತ್ತೇನೆ. ಬಿರುಕು ಇದ್ದರೆ ವೇಗದ ಡ್ರೈವ್‌ಗೆ ಹಾಕಲೇಬಾರದು. 52 ಎಕ್ಸ್ ಡ್ರೈವ್‌ನಲ್ಲಿ ಸಿಡಿ ನಿಮಿಷಕ್ಕೆ 10,000 ಸುತ್ತು ಸುತ್ತುತ್ತೆ. ಒಳಗೇ ಚೂರುಚೂರಾಗಿ ಡ್ರೈವನ್ನೂ ತೆಗೆದುಕೊಂಡು ಹೋಗುತ್ತೆ.

ಮಾಸ್ತರರ ಡಿಸ್ಕಿನಲ್ಲಿ ಬಿರುಕಿರಲಿಲ್ಲ, ಚುಕ್ಕೆ ಇರಲಿಲ್ಲ. ಡಿಸ್ಕ್ 2ರ ಅಂಚಿಗೆ ಬೆರಳಚ್ಚು, ಎಣ್ಣೆ ಜಿಡ್ಡು, ಅದರ ಮೇಲೆ ನಮ್ಮೂರ ಧೂಳು. ಪತ್ರಾಸಿನ (ತಗಡಿನ) ಮನೆಯಲ್ಲಿ ಟ್ರಂಕಿನೊಳಗೆ ಇಟ್ಟಿದ್ದರಂತೆ. ಬೇಸಿಗೆಯ ಆ ಕಾವಿಗೂ ಕಂಪನಿಯಲ್ಲಿ ಅಚ್ಚಾದ ಡಿಸ್ಕ್ ತಡೆದಿತ್ತು. ಬರ್ನ್ ಮಾಡಿದ ಡಿಸ್ಕ್ ಆಗಿದ್ದರೆ ಅದರ ಬಣ್ಣದ ಪದರವೇ ಹಾಳಾಗಿರುತ್ತಿತ್ತು.

ಒರೆಸೋದರಲ್ಲಿ ಒಂದು ಕ್ರಮ ಇದೆ. ನಡುವಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಗುಂಡಗೆ ಉಜ್ಜಬಾರದು. ಮಾಹಿತಿ ಒಳಗಿನಿಂದ ಹೊರಕ್ಕೆ ಸುರುಳಿಯಾಗಿ ಬರೆದಿರುತ್ತೆ. ಸುರುಳಿಗೆ ಅಡ್ಡ ಬಿದ್ದ ಗೀರು ಪ್ರತಿ ಸುತ್ತಿನಲ್ಲೂ ಒಂಚೂರು ಮಾತ್ರ ಕೆಡಿಸುತ್ತೆ. ಸುರುಳಿಯ ಉದ್ದಕ್ಕೆ ಸುಮಾರು 2.5 ಮಿಲಿಮೀಟರಿನವರೆಗೆ ಹಾಳಾದರೂ ಸಿಡಿಯೊಳಗಿನ ತಿದ್ದುವ ಲೆಕ್ಕ ಅದನ್ನು ಮತ್ತೆ ಕಟ್ಟಿಕೊಡುತ್ತೆ. ಗುಂಡಗೆ ಉಜ್ಜಿ ಸುರುಳಿಯ ಉದ್ದಕ್ಕೇ ಗೀರು ಎಳೆದರೆ ಆ ಲೆಕ್ಕ ಸೋಲುತ್ತೆ. ನಾನು ಐಸೊಪ್ರೊಪೈಲ್ ಆಲ್ಕೊಹಾಲ್ ಒಂದೆರಡು ಹನಿ ಹಾಕಿದ ಮೈಕ್ರೋಫೈಬರ್ ಬಟ್ಟೆ ಬಳಸುತ್ತೇನೆ. ಅದಿಲ್ಲದಿದ್ದರೆ ಪಾತ್ರೆ ಸೋಪಿನ ತೆಳು ನೀರು ಸಾಕು. ಧೋತರದ ತುದಿ, ಅಂಗಿಯ ಚುಂಗು ಬೇಡ, ಅದರಲ್ಲಿರೋ ಧೂಳೇ ಗೀರುತ್ತೆ. ಟೂತ್‌ಪೇಸ್ಟ್ ಹಚ್ಚಿ ಅಂತ ಹೇಳುವವರು ಜಾಸ್ತಿ. ಬೇರೆಲ್ಲ ದಾರಿ ಮುಗಿಯೋ ತನಕ ಅದನ್ನು ಹಚ್ಚಲೇಬೇಡಿ. ಉಜ್ಜಿದ ಪ್ಲಾಸ್ಟಿಕ್ ವಾಪಸ್ ಬರೋದಿಲ್ಲ.

ಈಗ ನಕಲು ಇಳಿಸೋದು. ವಿಂಡೋಸ್‌ನಲ್ಲಿ ಸುಮ್ನೆ ಕಾಪಿ-ಪೇಸ್ಟ್ ಮಾಡಿದರೆ ಮೊದಲ ಕೆಟ್ಟ ಫೈಲ್‌ಗೇ ನಿಂತು ಕೇಳುತ್ತೆ. ನಾನು ವಿಂಡೋಸ್ ಜೊತೆಗೇ ಬರೋ ರೋಬೋಕಾಪಿ ಬಳಸುತ್ತೇನೆ, ಆಜ್ಞೆ ಟೈಪ್ ಮಾಡಿ ಓಡಿಸೋ ನಕಲು ಪ್ರೋಗ್ರಾಂ ಅದು. ಅದನ್ನು ಹಾಗೇ ಓಡಿಸಬೇಡಿ. ಏನೂ ಹೇಳದಿದ್ದರೆ ಅದು ಓದಲಾಗದ ಒಂದು ಫೈಲನ್ನು 10 ಲಕ್ಷ ಸಲ ಪ್ರಯತ್ನಿಸುತ್ತೆ, ಪ್ರತಿ ಸಲದ ನಡುವೆ 30 ಸೆಕೆಂಡ್ ಕಾಯುತ್ತೆ. ಎರಡು ಸಲ ಸಾಕು, ಮೂರು ಸೆಕೆಂಡ್ ಕಾದರೆ ಸಾಕು ಅಂತ ಆಜ್ಞೆಯಲ್ಲೇ ಬರೆಯಬೇಕು. ಮುಗಿದಾಗ ಯಾವ್ಯಾವ ಫೈಲ್ ಬರಲಿಲ್ಲ ಅನ್ನೋ ಪಟ್ಟಿ ಸಿಗುತ್ತೆ. ಆ ಪಟ್ಟಿ ನನಗೆ ಎಲ್ಲಕ್ಕಿಂತ ಮುಖ್ಯ. ನೂರಾರು ಫೈಲ್‌ನಲ್ಲಿ ಎರಡು ಬರಲಿಲ್ಲ ಅಂದರೆ ಕೆಲಸ ಮುಗಿದ ಹಾಗೇ.

ಓದುವಾಗ ಡ್ರೈವ್ ಸದ್ದಿನ ಮೇಲೆ ಕಿವಿ ಇರಲಿ. ಒಳ್ಳೇ ಡಿಸ್ಕ್ ಒಂದೇ ಶ್ರುತಿಯಲ್ಲಿ ಗುಂಯ್ ಅನ್ನುತ್ತೆ. ಕೆಟ್ಟ ಜಾಗ ಬಂದಾಗ ಸದ್ದು ಇಳಿಯುತ್ತೆ, ಟಿಕ್ ಟಿಕ್ ಅನ್ನುತ್ತೆ, ಮತ್ತೆ ಏರುತ್ತೆ. ಡ್ರೈವ್ ವೇಗ ಇಳಿಸಿ ಅದೇ ಜಾಗವನ್ನು ಮತ್ತೆ ಓದಲು ನೋಡುತ್ತಿರುತ್ತೆ. ಎಲ್ಲ ಡಿಸ್ಕಿಗೂ ಆರಂಭದಲ್ಲೇ ಹೀಗಾದರೆ ಲೆನ್ಸ್ ಮೇಲೆ ಧೂಳು ಕೂತಿದೆ. ಯುಎಸ್‌ಬಿ ಡ್ರೈವ್ ಆದರೆ ಇನ್ನೊಂದು ಅನುಮಾನ ಇರಲಿ. ಯುಎಸ್‌ಬಿ 2 ಪೋರ್ಟ್ ಕೊಡೋದು 500 ಮಿಲಿಆಂಪಿಯರ್. ಡಿಸ್ಕ್ ತಿರುಗೋಕೆ ಶುರುವಾಗೋ ಹೊತ್ತಿಗೆ ಕೆಲವು ಡ್ರೈವ್‌ಗೆ ಅದು ಸಾಲೋದಿಲ್ಲ. ಡೆಸ್ಕ್‌ಟಾಪ್‌ನ ಹಿಂದಿನ ಪೋರ್ಟ್‌ಗೆ, ಇಲ್ಲ ಎರಡು ತಲೆಯ ಕೇಬಲ್‌ಗೆ ಹಾಕಿದರೆ ಸರಿಹೋಗಿದ್ದನ್ನು ಬೇಕಾದಷ್ಟು ನೋಡಿದ್ದೇನೆ. ಅಂಥ ಡ್ರೈವ್‌ಗಳನ್ನು ಜನ ಸುಮ್ನೆ ಬಿಸಾಡುತ್ತಾರೆ.

ಮಾಸ್ತರರ ಡಿಸ್ಕ್ 1 ಪೂರ್ತಿ ಇಳಿಯಿತು. ಡಿಸ್ಕ್ 2ರಲ್ಲಿ ಸಣ್ಣ ಫೈಲ್ ಎಲ್ಲ ಬಂದವು, ಒಂದು ದೊಡ್ಡ ಫೈಲ್ ಬರಲಿಲ್ಲ. ಇಲ್ಲಿ ಡ್ರೈವ್ ಬದಲಿಸಬೇಕು. ಒಂದೇ ಡಿಸ್ಕನ್ನು ಎರಡು ಡ್ರೈವ್‌ಗಳು ಎರಡು ಥರ ಓದುತ್ತವೆ. ಲ್ಯಾಪ್‌ಟಾಪಿನ ತೆಳು ಡ್ರೈವ್ ಕೈಬಿಟ್ಟಿದ್ದನ್ನು ಡೆಸ್ಕ್‌ಟಾಪಿನ ಹಳೇ ದಪ್ಪ ಡ್ರೈವ್ ಓದಿಬಿಡುತ್ತೆ. ಕೆಲವೊಮ್ಮೆ ಉಲ್ಟಾ ಕೂಡ. ಅದಕ್ಕೇ ಅಂಗಡಿಗೆ ಬರೋ ಹಳೇ ಡ್ರೈವ್‌ಗಳನ್ನು ಗುಜರಿಗೆ ಕೊಡದೇ ಇಟ್ಟುಕೊಂಡಿದ್ದೇನೆ.

ಫೈಲ್ ದೊಡ್ಡದಿದ್ದರೆ ಫೈಲ್ ಲೆಕ್ಕದಲ್ಲಿ ಓದಿ ಪ್ರಯೋಜನವಿಲ್ಲ, ಸೆಕ್ಟರ್ ಲೆಕ್ಕದಲ್ಲಿ, ಅಂದರೆ ಡಿಸ್ಕಿನ ಸಣ್ಣ ಸಣ್ಣ ತುಂಡುಗಳ ಲೆಕ್ಕದಲ್ಲಿ ಓದಬೇಕು. ಸಿಡಿಯ ಒಂದು ಸೆಕ್ಟರ್‌ನಲ್ಲಿ 2,048 ಬೈಟ್ ಮಾಹಿತಿ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರುಮಾಡಿ ಗ್ನೂ ಡಿಡಿರೆಸ್ಕ್ಯೂ ಓಡಿಸುತ್ತೇನೆ, ಉಚಿತ ತಂತ್ರಾಂಶ ಅದು. ಓದಿದ ಸೆಕ್ಟರ್ ಯಾವುದು, ಉಳಿದದ್ದು ಯಾವುದು ಅಂತ ಒಂದು ನಕ್ಷೆ ಫೈಲ್‌ನಲ್ಲಿ ಬರೆದಿಡುತ್ತೆ. ಡಿಸ್ಕನ್ನು ಇನ್ನೊಂದು ಡ್ರೈವ್‌ಗೆ ಹಾಕಿ ಅದೇ ನಕ್ಷೆ ಕೊಟ್ಟರೆ ಉಳಿದದ್ದನ್ನಷ್ಟೇ ಓದುತ್ತೆ. ಹೀಗೆ ಒಂದು ಡ್ರೈವ್ ಬಿಟ್ಟಿದ್ದನ್ನು ಇನ್ನೊಂದು ತುಂಬುತ್ತೆ. ಮಾಸ್ತರರ ಡಿಸ್ಕಿನ ಅಂಚಿನಲ್ಲಿ ಉಳಿದಿದ್ದ ಸೆಕ್ಟರ್‌ಗಳು ಮತ್ತೊಮ್ಮೆ ಒರೆಸಿ ಹಳೇ ಡೆಸ್ಕ್‌ಟಾಪ್ ಡ್ರೈವ್‌ಗೆ ಹಾಕಿದ ಮೇಲೆ ಬಂದವು. ರಾತ್ರಿ ಓಡಲು ಬಿಟ್ಟು ಹೋಗಿದ್ದೆ, ಯುಪಿಎಸ್‌ಗೆ ಹಾಕಿ. ಕರೆಂಟ್ ಹೋದರೂ ನಕ್ಷೆ ಇರೋದರಿಂದ ಮೊದಲಿಂದ ಶುರುಮಾಡಬೇಕಿಲ್ಲ.

ಒಂದು ಎಚ್ಚರಿಕೆ. ಆ ಕಾಲದ ಕೆಲವು ಗೇಮ್ ಡಿಸ್ಕ್‌ಗಳಲ್ಲಿ ನಕಲು ತಡೆಯೋಕೆ ಬೇಕಂತಲೇ ಓದಲಾಗದ ಸೆಕ್ಟರ್‌ಗಳನ್ನು ಇಟ್ಟಿರುತ್ತಾರೆ. ಇಮೇಜ್ (ಇಡೀ ಡಿಸ್ಕನ್ನು ಒಂದೇ ಫೈಲ್ ಆಗಿ ಇಳಿಸಿದ ನಕಲು) ಮಾಡುವಾಗ ಅಲ್ಲಿ ತಪ್ಪು ತೋರಿಸಿದರೆ ಡಿಸ್ಕ್ ಹಾಳಾಗಿದೆ ಅಂತ ಗಾಬರಿ ಬೀಳಬೇಡಿ. ಫೈಲ್‌ಗಳೆಲ್ಲ ಬಂದಿವೆಯಾ ಅಂತ ನೋಡಿ. ಬಂದಿದ್ದರೆ ಇನ್‌ಸ್ಟಾಲ್‌ಗೆ ಸಾಕು.

ಎಲ್ಲ ಇಳಿದ ಮೇಲೆ ಎರಡೂ ಡಿಸ್ಕಿನ ಫೈಲ್‌ಗಳನ್ನು ಒಂದೇ ಫೋಲ್ಡರ್‌ಗೆ ಹಾಕಿ ಅಲ್ಲಿಂದ ಸೆಟಪ್ ಓಡಿಸುತ್ತೇನೆ. ಒಂದೇ ಹೆಸರಿನ ಫೈಲ್ ಎರಡರಲ್ಲೂ ಇದ್ದರೆ ಡಿಸ್ಕ್ 1ರದ್ದು ಉಳಿಯಲಿ. ಎಷ್ಟೋ ಗೇಮ್‌ಗಳು ಆಗ ಡಿಸ್ಕ್ 2 ಕೇಳೋದೇ ಇಲ್ಲ. ಕೇಳಿದರೆ ಇಮೇಜ್ ಮೇಲೆ ಎರಡು ಸಲ ಒತ್ತಿ. ವಿಂಡೋಸ್ 8ರಿಂದ ಈಚೆಗೆ ಅದೇ ಡಿಸ್ಕ್‌ನಂತೆ ತೆರೆದುಕೊಳ್ಳುತ್ತೆ. ಹಿಂದೆ ಅರ್ಧಕ್ಕೆ ನಿಂತ ಇನ್‌ಸ್ಟಾಲ್‌ನ ಕಸ ಉಳಿದಿದ್ದರೆ ಮೊದಲು ಅದನ್ನು ತೆಗೆಯಬೇಕು, ಟೆಂಪ್ ಫೋಲ್ಡರ್ ಕೂಡ ಖಾಲಿ ಮಾಡಬೇಕು. ಇನ್‌ಸ್ಟಾಲ್ ಮಾಡೋ ಜಾಗ ಪ್ರೋಗ್ರಾಂ ಫೈಲ್ಸ್ ಬೇಡ. ಹಳೇ ಗೇಮ್‌ಗಳು ತಮ್ಮ ಫೋಲ್ಡರ್‌ನಲ್ಲೇ ಸೇವ್ ಬರೆಯುತ್ತವೆ, ವಿಂಡೋಸ್ ಅದಕ್ಕೆ ಅಡ್ಡ ಬರುತ್ತೆ. ಸಿ ಡ್ರೈವ್‌ನಲ್ಲಿ ಬೇರೆ ಫೋಲ್ಡರ್ ಮಾಡಿಕೊಳ್ಳಿ.

ಫೈಲ್ ಎಲ್ಲ ಸರಿ ಇದ್ದೂ ಸೆಟಪ್ ತೆರೆಯದಿದ್ದರೆ ಅದು 16 ಬಿಟ್‌ನದು ಇರಬಹುದು. ತೊಂಬತ್ತರ ದಶಕದ ಗೇಮ್‌ಗಳಲ್ಲಿ ಇದು ಜಾಸ್ತಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂ ಓಡಿಸೋದೇ ಇಲ್ಲ. ಇನ್ನು ಕೆಲವು ಸೆಟಪ್‌ಗಳು ಒಂದು ಟಿಬಿ ಖಾಲಿ ಇದ್ದರೂ ಜಾಗ ಸಾಲದು ಅನ್ನುತ್ತವೆ. ಅವು ಜಾಗವನ್ನು 32 ಬಿಟ್ ಸಂಖ್ಯೆಯಲ್ಲಿ ಎಣಿಸುತ್ತವೆ, 2 ಜಿಬಿ ದಾಟಿದರೆ ಲೆಕ್ಕ ತಿರುಗಿ ಮೈನಸ್ ಆಗುತ್ತೆ. ಎರಡು ಜಿಬಿಗಿಂತ ಚಿಕ್ಕ ಪಾರ್ಟಿಶನ್ ಮಾಡಿ ಅಲ್ಲಿಗೆ ಹಾಕಿದರೆ ಒಪ್ಪಿಕೊಳ್ಳುತ್ತವೆ. ಇನ್‌ಸ್ಟಾಲ್ ಆಗಿಯೂ ಡಿ3ಡಿಎಕ್ಸ್9 ಅನ್ನೋ ಹೆಸರಿನ ಫೈಲ್ ಇಲ್ಲ ಅಂದರೆ ಗೇಮ್‌ಗಳ ಚಿತ್ರ, ಸದ್ದಿಗೆ ಬೇಕಾದ ಮೈಕ್ರೋಸಾಫ್ಟ್‌ನ 2010ರ ಜೂನ್ ಡೈರೆಕ್ಟ್‌ಎಕ್ಸ್ ಹಾಕಬೇಕು.

ಮಾಸ್ತರರ ಗೇಮ್ ನನ್ನ ವಿಂಡೋಸ್ 10ರಲ್ಲಿ ಇನ್‌ಸ್ಟಾಲ್ ಆಯಿತು, ತೆರೆಯಲಿಲ್ಲ. ನಾನು ಅಂದುಕೊಂಡಿದ್ದೂ ಅದೇ. ಆ ಗೇಮ್‌ಗೆ ಸೇಫ್‌ಡಿಸ್ಕ್ ಅನ್ನೋ ಕಾವಲು ಇದೆ. ಆಡೋ ಪ್ರತಿ ಸಲ ಮೂಲ ಡಿಸ್ಕ್ ಇದೆಯಾ ಅಂತ ಅದು ಒಂದು ಡ್ರೈವರ್ (ವಿಂಡೋಸ್ ಒಳಗೆ ಓಡೋ ಸಣ್ಣ ಪ್ರೋಗ್ರಾಂ) ಮೂಲಕ ನೋಡುತ್ತೆ. ಆ ಡ್ರೈವರ್‌ನಿಂದ ಭದ್ರತೆಗೆ ಅಪಾಯ ಅಂತ ಮೈಕ್ರೋಸಾಫ್ಟ್ 2015ರಲ್ಲಿ ವಿಂಡೋಸ್ 10ರಿಂದ ಅದನ್ನು ಕೈಬಿಟ್ಟಿತು. ಅದೇ ವರ್ಷ ಸೆಪ್ಟೆಂಬರ್ ಅಪ್‌ಡೇಟ್‌ನಲ್ಲಿ ವಿಂಡೋಸ್ 7, 8ರಲ್ಲೂ ನಿಲ್ಲಿಸಿತು. ಡಿಸ್ಕ್ ಎಷ್ಟೇ ಚೊಕ್ಕ ಇದ್ದರೂ ಇಲ್ಲಿ ನಡೆಯೋದಿಲ್ಲ. ಹಣ ಕೊಟ್ಟು ಕೊಂಡವನೇ ಆಡೋಕೆ ಆಗದ ಈ ಪರಿಸ್ಥಿತಿ ನನಗೆ ನಿಜಕ್ಕೂ ಬೇಸರ ತರುತ್ತೆ. ಹಾಗಂತ ಎಲ್ಲಿಂದಲೋ ತಂದ, ಆ ಕಾವಲು ಮುರಿಯೋ ಕ್ರ್ಯಾಕ್ ಫೈಲನ್ನು ಗಿರಾಕಿಯ ಕಂಪ್ಯೂಟರ್‌ಗೆ ನಾನು ಹಾಕೋದಿಲ್ಲ. ಅದರೊಳಗೆ ಏನಿದೆ ಅಂತ ಯಾರಿಗೆ ಗೊತ್ತು? ಅದೇ ಕಂಪ್ಯೂಟರ್‌ನಲ್ಲಿ ಅವರ ಬ್ಯಾಂಕ್ ವ್ಯವಹಾರ ಇರುತ್ತೆ.

ಮಾಸ್ತರರ ಮನೆಯಲ್ಲಿ ಹಳೇ ಡೆಸ್ಕ್‌ಟಾಪ್ ಒಂದು ಬಟ್ಟೆ ಹೊದ್ದು ಕೂತಿತ್ತು, ವಿಂಡೋಸ್ ಎಕ್ಸ್‌ಪಿಯದು. "ಅದನ್ನ ತರ್ರಿ ಸರ್, ಅದೇ ಬೇಕು" ಅಂದೆ. ಧೂಳು ಹೊಡೆದು, ಪ್ರೊಸೆಸರ್‌ಗೆ ಪೇಸ್ಟ್ ಹಚ್ಚಿ, ಮದರ್‌ಬೋರ್ಡ್‌ನ ನಾಣ್ಯದ ಬ್ಯಾಟರಿ ಬದಲಿಸಿದೆ. ನಕಲಿನಿಂದ ಇನ್‌ಸ್ಟಾಲ್ ಮಾಡಿ ಮೂಲ ಡಿಸ್ಕ್ ಡ್ರೈವ್‌ಗೆ ಹಾಕಿದೆ. ಕಾರುಗಳ ಮೆನು ಬಂತು. ಎಕ್ಸ್‌ಪಿಗೆ 2014ರ ಏಪ್ರಿಲ್ 8ರ ನಂತರ ಬೆಂಬಲವಿಲ್ಲ, ಹಾಗಾಗಿ ನೆಟ್ ಕೇಬಲ್ ಚುಚ್ಚಬೇಡಿ, ಪೆನ್‌ಡ್ರೈವ್ ಕೂಡ ನೋಡಿ ಹಾಕಿ ಅಂತ ಹೇಳಿದೆ.

ಡಿಸ್ಕ್ ಜೊತೆ ನಕಲಿನ ಪೆನ್‌ಡ್ರೈವ್ ಕೊಟ್ಟೆ. ಸೀರಿಯಲ್ ನಂಬರ್ ಡಬ್ಬಿಯ ಕಾಗದದ ಮೇಲೆ ಮಾಸಿಹೋಗುತ್ತಿತ್ತು, ಅದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಟ್ಟೆ. ಡಿಸ್ಕನ್ನು ಡಬ್ಬಿಯಲ್ಲಿ ನಿಲ್ಲಿಸಿಡಿ, ಪತ್ರಾಸಿನ ಕೋಣೆಯಿಂದ ಒಳಮನೆಗೆ ತನ್ನಿ, ಲೇಬಲ್ ಮೇಲೆ ಸ್ಟಿಕರ್ ಅಂಟಿಸಬೇಡಿ, ಬಾಲ್‌ಪೆನ್ನಿನಲ್ಲಿ ಒತ್ತಿ ಬರೆಯಬೇಡಿ ಅಂದೆ. "ನನ್ನ ಮಗನ ಹೆಸರು ಬರದೇನ್ರಿ ಅದರ ಮ್ಯಾಲ?" ಅಂತ ಕೇಳಿದರು. ತೂತಿನ ಸುತ್ತ ಮಾಹಿತಿ ಇಲ್ಲದ ಪಾರದರ್ಶಕ ಉಂಗುರ ಇರುತ್ತಲ್ಲ, ಅಲ್ಲಿ ಮಾರ್ಕರ್‌ನಿಂದ ನಾನೇ ಬರೆದುಕೊಟ್ಟೆ.